ಛತ್ರಿ ನಿಶಾನೆಯ ದಂಡು

ನವಲಗುಂದದ ಬಸ್ ಸ್ಟ್ಯಾಂಡಿನ ಎದುರಿಗೆ ಮಾಂತೇಶನದೊಂದು ಕನ್ನಡಕದ ಅಂಗಡಿ. ಗಿರಾಕಿ ಬಂದರೆ ಕಣ್ಣು ನೋಡಿ ಗಾಜು ಕೂಡಿಸಿಕೊಡುತ್ತಿದ್ದ. ಬರದಿದ್ದರೆ ಅವನಿಗೆ ಇನ್ನೂ ಖುಷಿ. ಮೇಜಿನ ಖಾನೆ ಎಳೆದು, ಹೆಬ್ಬೆರಳಿನ ಗೆಣ್ಣಿಗಿಂತ ತುಸುವೇ ಎತ್ತರದ ಪ್ಲಾಸ್ಟಿಕ್ ಸೈನಿಕನೊಬ್ಬನನ್ನು ಚಿಮುಟದಲ್ಲಿ ಹಿಡಿದು, ಭೂತಗನ್ನಡಿಯ ಕೆಳಗೆ ಅವನ ಮೀಸೆಗೆ ಕಪ್ಪು ಹಚ್ಚಲು ಕೂಡುತ್ತಿದ್ದ. ಎಷ್ಟೋ ಸಲ ಗಿರಾಕಿಗಳು ಬಾಗಿಲಲ್ಲಿ ನಿಂತು ಕೆಮ್ಮಿ, ಮತ್ತೆ ಕೆಮ್ಮಿ, ಕೊನೆಗೆ ಅಂಗಡಿಯವನಿಗೇ ಕಣ್ಣು ಕಾಣುವುದಿಲ್ಲವೆಂದುಕೊಂಡು ಹೊರಟುಹೋದದ್ದೂ ಉಂಟು.

ಇಂಥ ಸೈನಿಕರು ಅವನ ಬಳಿ ಒಂದು ದಂಡಿನಷ್ಟಿದ್ದರು. ಇನ್ನೊಂದು ದಂಡು ಅಣ್ಣಿಗೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಭೀಮೇಶನ ಬಳಿ ಇತ್ತು. ಇಬ್ಬರೂ ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಖೋಲಿಯಲ್ಲಿದ್ದವರು. ಭಾನುವಾರ ಬಂತೆಂದರೆ ಮೊರಬದ ಮಾಂತೇಶನ ಮನೆಯ ಮಾಳಿಗೆಯಲ್ಲಿ, ಹಳೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಎರಡೂ ದಂಡುಗಳು ಎದುರುಬದುರು ನಿಲ್ಲುತ್ತಿದ್ದವು. ಕುದುರೆ ಒಂದು ಸರದಿಗೆ ಒಂದು ಗೇಣು ಓಡಬಹುದು, ಕಾಲಾಳು ಅದರ ಅರ್ಧ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸಬೇಕು. ಮಾಂತೇಶನ ಹೆಂಡತಿ ಸುನೀತಾ ಇದಕ್ಕೆ ‘ಇರುವಿ ಜಗಳ’ ಎಂದು ಹೆಸರಿಟ್ಟಿದ್ದಳು. ಚಹಾ ಕೊಡಲು ಮೇಲೆ ಬಂದಾಗೆಲ್ಲ, “ಇವತ್ತ ಯಾವ ಇರುವಿ ಸತ್ತೂವು?” ಎಂದು ಕೇಳದೆ ಇಳಿಯುತ್ತಿರಲಿಲ್ಲ.

ವರ್ಷಗಟ್ಟಲೆ ಇವರು ಫ್ರಾನ್ಸಿನವರನ್ನೂ ಹಾಲೆಂಡಿನವರನ್ನೂ ಹೊಡೆದಾಡಿಸಿದ್ದರು. ಹದಿನೇಳನೆಯ ಶತಮಾನದ ಕೊನೆಗೆ ಯಾವ ಪಡೆಯ ಕೋಟಿನ ತೋಳಿಗೆ ಯಾವ ಬಣ್ಣದ ಅಸ್ತರು ಇತ್ತು ಎಂಬುದು ಇಬ್ಬರಿಗೂ ಬಾಯಿಪಾಠ. ಆದರೆ ಒಂದು ಭಾನುವಾರ, ಡಚ್ಚರ ತೋಪನ್ನು ಗುಡ್ಡಕ್ಕೆ ಏರಿಸುತ್ತಿದ್ದ ಮಾಂತೇಶ ಅರ್ಧಕ್ಕೆ ಕೈ ನಿಲ್ಲಿಸಿದ.

“ಭೀಮ್ಯಾ, ಆ ಕಾಲಕ್ಕ ನಮ್ಮ ಊರಾಗ ಏನೂ ಆಗಿದ್ದಿಲ್ಲೇನಲೇ? ವಿಜಾಪುರ ಬಿದ್ದ ಮ್ಯಾಲ ಮೊಗಲರ ದಂಡು ಈ ಕಡೆ ಬಂದಿತ್ತಲ್ಲ. ಇಲ್ಲಿ ದೇಸಾಯರ ಮಂದಿ ಇದ್ದರು. ನಾವ್ಯಾಕ ಯಾರದೋ ಊರಿನ ಗುಡ್ಡ ಹತ್ತಬೇಕು?”

ಭೀಮೇಶ ಒಪ್ಪಿದ. ಮೊಗಲರ ದಂಡು ತನ್ನದೆಂದು ಆಗಿಂದಾಗಲೇ ಹಿಡಿದುಕೊಂಡ, ಯಾಕೆಂದರೆ ಮೊಗಲರ ಕಾಲದ ಚಿತ್ರಗಳು ಬೇಕಾದಷ್ಟು ಸಿಗುತ್ತವೆಂದು ಅವನಿಗೆ ಗೊತ್ತಿತ್ತು. ಮೇಲೊಂದು ಕರಾರನ್ನೂ ಹಾಕಿದ: ಪುರಾವೆ ಇಲ್ಲದ ಬಣ್ಣ ಒಂದೂ ಹಚ್ಚುವಂತಿಲ್ಲ. ಈ ಕರಾರಿನಲ್ಲಿ ಅವನು ಅಗದಿ ಕಟ್ಟಾ. ಮಾಂತೇಶ ಬಣ್ಣ ಹಚ್ಚಿಕೊಟ್ಟ ಮೊಗಲ ಸವಾರನೊಬ್ಬನ ಅಂಗಿಯ ಕಸೆ ಎಡಗಡೆಗೆ ಬಂದಿದ್ದನ್ನು ಭೂತಗನ್ನಡಿಯಲ್ಲಿ ಹಿಡಿದು, “ಹಿಂದೂಗಳು ಎಡಕ್ಕ ಕಟ್ತಿದ್ರು, ಮುಸಲ್ಮಾನರು ಬಲಕ್ಕ. ಈ ಮನಿಶ್ಯಾ ಯಾರು ಅಂತ ನಿರ್ಧಾರ ಮಾಡು,” ಎಂದು ವಾಪಸು ಕಳಿಸಿದ್ದ. ಮಾಂತೇಶ ಒಂದೇ ಕೂದಲಿನ ಕುಂಚದಿಂದ ಆ ಕಸೆಯನ್ನು ಬಲಕ್ಕೆ ಕಟ್ಟಿದ್ದ.

ತೊಂದರೆಯಾದದ್ದು ದೇಸಾಯರ ಮಂದಿಯ ವಿಷಯದಲ್ಲಿ. ಅವರ ಬತ್ತಿ ಬಂದೂಕು, ಕತ್ತಿ, ರುಮಾಲು ಇವಕ್ಕೆಲ್ಲ ಹೇಗೋ ಆಧಾರ ಸಿಕ್ಕಿತು. ದಂಡಿನ ಮುಂದೆ ಕೋಲಿಗೆ ಕಟ್ಟಿ ಹಿಡಿಯುವ ನಿಶಾನೆಗೆ ಮಾತ್ರ ಎಲ್ಲಿಯೂ ಏನೂ ಸಿಗಲಿಲ್ಲ. ಮಾಂತೇಶ ಧಾರವಾಡದ ಗ್ರಂಥಾಲಯಗಳಲ್ಲಿ ಧೂಳು ಕುಡಿದ, ದೇಸಾಯರ ಹಳೆಯ ವಾಡೆಗಳಿದ್ದ ಊರುಗಳಿಗೆ ಹೋಗಿ ಬಂದ. ಒಂದು ಊರಲ್ಲಿ ಇವನು ನಿಧಿ ಹುಡುಕುವವನೆಂದು ನಾಯಿ ಬಿಟ್ಟರು, ಇನ್ನೊಂದರಲ್ಲಿ ರಸ್ತೆ ಅಗಲ ಮಾಡುವವರ ಕಡೆಯವನೆಂದು ಚಹಾ ಕೊಟ್ಟರು. ಕೊನೆಗೆ ಮೊರಬದಲ್ಲೇ, ತನ್ನ ಓಣಿಯ ಹಿಂದಿನ ಓಣಿಯಲ್ಲಿದ್ದ ರೇಣುಕವ್ವನ ಮನೆಯಲ್ಲಿ ಹಿಂದಿನವರ ನಿಶಾನೆಯೊಂದು ಇದೆಯೆಂದು ಯಾರೋ ಹೇಳಿದರು. ರೇಣುಕವ್ವ ತೊಂಬತ್ತರ ಹತ್ತಿರದ ಮುದುಕಿ. ಮಾಂತೇಶ ಅವಳ ಹೊಸ ಕನ್ನಡಕವನ್ನು ತಾನೇ ಒಯ್ದು ಕೊಟ್ಟು ಮಾತು ತೆಗೆದ.

“ಐತಿ ಯಪ್ಪಾ. ಎಲ್ಲೋ ಐತಿ. ಹುಡುಕಬೇಕು,” ಎಂದಳು ರೇಣುಕವ್ವ. ಬಳಿಕ ರೊಟ್ಟಿ, ಮಡಿಕಿಕಾಳಿನ ಪಲ್ಯ ಬಡಿಸಿ, ತನ್ನ ಮೊಣಕಾಲಿನ ಬೇನೆಯ ವಿಷಯ ಹೇಳತೊಡಗಿದಳು. ಎಡ ಮೊಣಕಾಲಿನದು ಮುಗಿದು ಬಲದ್ದು ಸುರುವಾಗುವ ಹೊತ್ತಿಗೆ ಮಾಂತೇಶ ಕೈ ತೊಳೆದು ಎದ್ದುಬಿಟ್ಟ.

ಆಟದ ದಿನ ಹತ್ತಿರ ಬರುತ್ತಿತ್ತು. ಮಾಂತೇಶ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು, ಮನಸ್ಸಿಗೆ ಬಂದಂತೆ, ಅರಿಸಿನ ಬಣ್ಣದ ನಿಶಾನೆಯ ಮೇಲೆ ಕಪ್ಪು ಛತ್ರಿಯೊಂದನ್ನು ಬರೆದ. ದೊರೆಗಳಿಗೆ ಛತ್ರಿ ಹಿಡಿಯುತ್ತಿದ್ದುದಂತೂ ಸುಳ್ಳಲ್ಲವಲ್ಲ. ನೋಡಲು ಎಷ್ಟು ಚೆಂದ ಬಂದಿತೆಂದರೆ ಎಲ್ಲ ಪಡೆಗಳಿಗೂ ಅದನ್ನೇ ಮಾಡಿದ. ಭೀಮೇಶ ಫೋನಿನಲ್ಲಿ ಕೇಳಿದಾಗ ಮಾಂತೇಶನ ಬಾಯಿಂದ ತಾನಾಗಿಯೇ ಹೊರಬಿತ್ತು: “ರೇಣುಕವ್ವಾರ ಮನ್ಯಾಗ ಕಣ್ಣಾರೆ ನೋಡೀನಲೇ.”

“ಹಂಗಾದ್ರ ಆತು,” ಎಂದ ಭೀಮೇಶ. ಅವನು ಅಷ್ಟು ಸುಲಭವಾಗಿ ನಂಬಿದ್ದೇ ಮಾಂತೇಶನಿಗೆ ಇರುಸುಮುರುಸಾಯಿತು.

ಆ ಭಾನುವಾರ ಭೀಮೇಶ ತನ್ನ ಮೊಗಲರನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ನವಲಗುಂದಕ್ಕೆ ಬಂದ. ಮಾಂತೇಶ ಅಂಗಡಿಯಲ್ಲಿದ್ದ ತನ್ನ ದಂಡನ್ನು ಬ್ಯಾಗಿಗೆ ಹಾಕಿಕೊಂಡ. ಇಬ್ಬರೂ ಬೈಕ್ ಹತ್ತಿ ಮೊರಬದ ಕಡೆ ಹೊರಟರು. ಚುನಾವಣೆಯ ಕಾಲ. ದಾರಿಯಲ್ಲಿ ಶಾಮಿಯಾನ ಕಟ್ಟಿ ಚೆಕ್‌ಪೋಸ್ಟ್ ಮಾಡಿದ್ದರು. ಅಲ್ಲಿದ್ದ ಅಧಿಕಾರಿ ಹುಲಿಗೇಶ; ಮೂಲತಃ ಕೃಷಿ ಇಲಾಖೆಯವನು, ಚುನಾವಣೆ ಕೆಲಸಕ್ಕೆಂದು ಕುಂದಗೋಳದಿಂದ ಬಂದಿದ್ದ. ಮುಂಜಾನೆಯಿಂದ ಅವನ ಕೈಗೆ ಬದನೆಕಾಯಿ ಚೀಲಗಳ ಹೊರತು ಏನೂ ಸಿಕ್ಕಿರಲಿಲ್ಲ. ಬಾಜೂಕ್ಕೆ ವಿಡಿಯೊ ಮಾಡುವವನು ಕ್ಯಾಮೆರಾ ಹಿಡಿದು ತೂಕಡಿಸುತ್ತಿದ್ದ.

“ಏನೈತ್ರಿ ಬ್ಯಾಗಿನ್ಯಾಗ?”

“ದಂಡು ಐತ್ರಿ,” ಎಂದ ಮಾಂತೇಶ. ಇದ್ದದ್ದನ್ನೇ ಹೇಳಿದ್ದ.

ಬ್ಯಾಗು ಬಿಚ್ಚಿಸಿದರು. ಸ್ಪಂಜಿನಲ್ಲಿ ಸಾಲಾಗಿ ನಿಂತಿದ್ದ ಸೈನಿಕರನ್ನು ಕಂಡು ಹುಲಿಗೇಶನ ಹುಬ್ಬು ಮೇಲೇರಿತು. ಒಬ್ಬನನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. ಅವನ ಕೈಯಲ್ಲಿದ್ದ ನಿಶಾನೆ ನೋಡಿದ. ಮತ್ತೊಬ್ಬನನ್ನು ಎತ್ತಿದ. ಮುಖ ಬಿಗಿಯಾಯಿತು.

“ಛತ್ರಿ!”

ಈ ಸಲದ ಕಣದಲ್ಲಿ ಪಕ್ಷೇತರನೊಬ್ಬ ನಿಂತಿದ್ದ. ಅವನ ಗುರುತು ಛತ್ರಿ. ಅದು ಮಾಂತೇಶನಿಗೆ ಗೊತ್ತಿರಲಿಲ್ಲ. ಅವನು ಆರು ತಿಂಗಳಿನಿಂದ ಹದಿನೇಳನೆಯ ಶತಮಾನದಲ್ಲಿದ್ದ.

“ಇವನ್ನ ಮನಿಮನಿಗೆ ಹುಡುಗರಿಗೆ ಹಂಚಾಕ ಹೊಂಟೀರೇನು?”

“ಹಂಚೂದಾ?” ಭೀಮೇಶನಿಗೆ ಸಿಟ್ಟೇ ಬಂತು. “ಸಾಹೇಬ್ರ, ಒಬ್ಬೊಬ್ಬಗ ಬಣ್ಣ ಹಚ್ಚಾಕ ಒಂದೊಂದ ವಾರ ಹಿಡೀತೈತಿ. ಇವರನ್ನ ನಾವು ಹೆತ್ತ ಮಕ್ಕಳ ಕೈಯಾಗೂ ಕೊಡಂಗಿಲ್ಲ!”

ಭೀಮೇಶನ ಡಬ್ಬಿಯನ್ನೂ ತೆರೆಸಿದರು. ಮೊಗಲರ ನಿಶಾನೆಯ ಮೇಲೆ ಸಿಂಹವಿತ್ತು. ಹುಲಿಗೇಶ ಅಭ್ಯರ್ಥಿಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಸಿಂಹ ಈ ಕ್ಷೇತ್ರದಲ್ಲಿ ಚುನಾವಣೆಗೆ ನಿಂತಿರಲಿಲ್ಲ. ಮೊಗಲರು ಪಾರಾದರು.

“ಇದು ಚುನಾವಣಿ ಛತ್ರಿ ಅಲ್ರಿ,” ಮಾಂತೇಶ ತಡವರಿಸಿದ. “ದೇಸಾಯರ ಕಾಲದ್ದು. ಮುನ್ನೂರು ವರ್ಷದ ಮ್ಯಾಲಿಂದು.”

“ಪುರಾವಿ?”

ಮಾಂತೇಶ ಬಾಯಿ ತೆರೆಯುವ ಮೊದಲೇ ಭೀಮೇಶ ಎದೆಯುಬ್ಬಿಸಿ ಮುಂದೆ ಬಂದ. “ಐತ್ರಿ ಸಾಹೇಬ್ರ! ನಾವು ಪುರಾವಿ ಇಲ್ದ ಏನೂ ಮಾಡೂ ಮಂದಿ ಅಲ್ಲ. ಇಲ್ಲೇ ಮೊರಬದಾಗ, ರೇಣುಕವ್ವಾರ ಮನ್ಯಾಗ. ಇವನ ಕಣ್ಣಾರೆ ನೋಡಿ ಬಂದಾನ.”

“ಹಂಗಾದ್ರ ನಡೀರಿ, ನೋಡೂಣು,” ಎಂದ ಹುಲಿಗೇಶ. ಬದನೆಕಾಯಿ ಚೀಲಗಳಿಂದ ಬಿಡುಗಡೆ ಅವನಿಗೂ ಬೇಕಾಗಿತ್ತು.

ಬೈಕನ್ನು ಚೆಕ್‌ಪೋಸ್ಟಿನಲ್ಲೇ ಬಿಟ್ಟು ಹುಲಿಗೇಶನ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತ ಮಾಂತೇಶ, ತೊಡೆಯ ಮೇಲಿನ ಬ್ಯಾಗಿನ ಜಿಪ್ಪನ್ನು ತೆರೆಯುತ್ತ, ಮತ್ತೆ ಮುಚ್ಚುತ್ತ ಇದ್ದ. ಭೀಮೇಶ ಮಾತ್ರ ಅಧಿಕಾರಿಗೆ ಬತ್ತಿ ಬಂದೂಕಿಗೂ ಚಕಮಕಿ ಬಂದೂಕಿಗೂ ಇರುವ ವ್ಯತ್ಯಾಸ ತಿಳಿಸಿ ಹೇಳುತ್ತಿದ್ದ.

ರೇಣುಕವ್ವ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಇಳಕಲ್ ಸೀರೆ, ಬಾಚಿದ ತಲೆ, ಮೂಗಿನ ಮೇಲೆ ಹೊಸ ಕನ್ನಡಕ. ಜೀಪನ್ನು, ಕ್ಯಾಮೆರಾವನ್ನು ಕಂಡವಳೇ ಎಡಗೈ ಬೆರಳನ್ನು ಮುಂದೆ ಚಾಚಿದಳು.

“ಅಂತೂ ಬಂದ್ರ್ಯಾ? ಮುಂಜಾನಿಂದ ಕಾಯಾಕತ್ತೀನಿ. ಹಚ್ಚ್ರಿ ಶಾಯಿ.”

ಬಹಳ ವಯಸ್ಸಾದವರ ಓಟನ್ನು ಮನೆಗೇ ಬಂದು ಹಾಕಿಸಿಕೊಂಡು ಹೋಗುವ ಏರ್ಪಾಡಿತ್ತು. ಆ ತಂಡ ಅಂದು ಅವಳಲ್ಲಿಗೆ ಬರಬೇಕಿತ್ತು. ಹುಲಿಗೇಶನಿಗೆ ಇದು ಹೊಳೆಯಲಿಲ್ಲ. ಅವನು ನೇರವಾಗಿ ವಿಷಯಕ್ಕೆ ಬಂದ.

“ಅವ್ವಾರ, ನಾವು ಛತ್ರಿ ಬಗ್ಗೆ ಮಾತಾಡಾಕ ಬಂದೀವ್ರಿ.”

“ಛತ್ರಿನಾ?” ರೇಣುಕವ್ವ ಕನ್ನಡಕದ ಮೇಲಿಂದ ನೋಡಿದಳು. “ಛತ್ರಿಗೆ ಹಾಕ್ಬೇಕೇನು?”

ಅಷ್ಟರಲ್ಲಿ ಓಣಿಯ ಮಂದಿ ಕೂಡಿದ್ದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

“ಇಲ್ರಿ ಅವ್ವಾ!” ಹುಲಿಗೇಶ ಕೂಗಿಬಿಟ್ಟ. “ಛತ್ರಿಗೆ ಹಾಕ್ರಿ ಅಂತ ನಾ ಅಂದಿಲ್ಲ!”

“ಹಂಗಾದ್ರ ಹಾಕಬ್ಯಾಡ ಅಂತೀ?”

“ಅದನ್ನೂ ಅಂದಿಲ್ರಿ!”

“ಮತ್ತ ಏನಂತೀ? ಛತ್ರಿ ಹೆಸರ ತಗದವ ನೀನ. ನಮ್ಮ ಮನಿಯವರು ಇದ್ದಾಗಿಂದ ಓಟ ಹಾಕಾಕತ್ತೀನಿ, ಒಬ್ಬ ಸಾಹೇಬನೂ ಬಾಗಿಲಿಗೆ ಬಂದು ಗುರುತಿನ ಹೆಸರ ಹೇಳಿದ್ದಿಲ್ಲ.”

ಹುಲಿಗೇಶನ ಮುಖ ಬೂದಿಯಾಯಿತು. ಚುನಾವಣೆ ಅಧಿಕಾರಿ ಮುದುಕಿಯ ಮನೆಗೆ ಹೋಗಿ ಒಬ್ಬ ಅಭ್ಯರ್ಥಿಯ ಗುರುತಿನ ಮಾತು ತೆಗೆದದ್ದು, ಸರ್ಕಾರದ ಕ್ಯಾಮೆರಾದಲ್ಲಿ, ಧ್ವನಿಸಮೇತ! “ಅದನ್ನ ಬಂದ್ ಮಾಡೋ!” ಎಂದು ಹಿಂದೆ ತಿರುಗಿ ಒದರಿದ.

“ಬಂದ್ ಮಾಡೂ ಹಂಗಿಲ್ರಿ ಸರ. ಅಳಸೂ ಹಂಗೂ ಇಲ್ಲ. ಮುಂಜಾನಿ ನೀವ ಹೇಳೀರಿ,” ಎಂದ ವಿಡಿಯೊದವನು. ಆಗಂತೂ ಅವನಿಗೆ ತೂಕಡಿಕೆ ಪೂರಾ ಹೋಗಿತ್ತು.

ಹುಲಿಗೇಶ ಮಾಂತೇಶನ ರಟ್ಟೆ ಹಿಡಿದು ಗೋಡೆಯ ಬದಿಗೆ ಎಳೆದ. ಚೆಕ್‌ಪೋಸ್ಟಿನಲ್ಲಿದ್ದ ಬಿಗುಮಾನವೆಲ್ಲ ಇಳಿದುಹೋಗಿತ್ತು. “ಮಾಂತೇಶ ಅವರ, ಆ ನಿಶಾನಿ ಸಿಗಬೇಕ್ರಿ. ನಾ ಹಳೇ ಕಾಲದ ಛತ್ರಿ ಕೇಳಾಕ ಬಂದಿದ್ದೆ ಅಂತ ವಿಡಿಯೊದಾಗ ಬರಬೇಕು. ಎಲ್ಲೈತಿ ಅದು? ನೀವು ನೋಡೀರಲ್ಲ?”

ಮಾಂತೇಶ ನೆಲ ನೋಡಿದ. ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. “ನಾ ನೋಡಿಲ್ರಿ.”

“ಏನಂದಿ?” ಹಿಂದಿನಿಂದ ಭೀಮೇಶನ ದನಿ.

“ನೋಡಿಲ್ಲಲೇ ಭೀಮ್ಯಾ. ಛತ್ರಿ ನಾನ ಹುಟ್ಟಿಸಿದ್ದು.”

ಭೀಮೇಶ ಬೈಯುತ್ತಾನೆಂದು ಮಾಂತೇಶ ಅಂದುಕೊಂಡಿದ್ದ. ಅವನು ಬೈಯಲಿಲ್ಲ. ಸುಮ್ಮನೆ ಕಟ್ಟೆಯ ತುದಿಗೆ ಕುಳಿತ, ಡಬ್ಬಿಯನ್ನು ಎದೆಗವಚಿಕೊಂಡು. “ನಾ ಅಧಿಕಾರಿ ಮುಂದ ಎದಿ ಉಬ್ಬಿಸಿ ಹೇಳೀನಿ,” ಎಂದ ಸಣ್ಣ ದನಿಯಲ್ಲಿ. “ಒಂದು ಕಸಿ ಎಡಕ್ಕ ಬಂದ್ರ ನಾವು ನಿದ್ದಿ ಮಾಡ್ತಿದ್ದಿಲ್ಲಲೇ.” ಮಾಂತೇಶನಿಗೆ ದಂಡು ಜಪ್ತಿಯಾದರೂ ಚಿಂತೆಯಿಲ್ಲ, ಈ ಮಾತು ಕೇಳಬಾರದಿತ್ತು ಅನ್ನಿಸಿತು.

“ಏನು, ನಿಶಾನಿ ಬೇಕೇನು?” ರೇಣುಕವ್ವ ನಡುವೆ ಬಾಯಿ ಹಾಕಿದಳು. “ಅದಕ್ಯಾಕ ಮಾರಿ ಸಣ್ಣದು ಮಾಡ್ತೀರಿ? ಚಸ್ಮಾ ಬಂದ ಮ್ಯಾಲ ನನಗ ಸಿಕ್ಕಿತು. ಅದರ ಮ್ಯಾಲ ಕೂಸು ಮಲಗೈತಿ.”

ಎಲ್ಲರೂ ಪಡಸಾಲೆಗೆ ನುಗ್ಗಿದರು. ನೆಲದ ಮೇಲೆ ಒಂದು ಹಳೆಯ ಕೌದಿ. ಅದರ ಮೇಲೆ ರೇಣುಕವ್ವನ ಮರಿಮೊಮ್ಮಗಳು ಬಾಯಿ ತೆರೆದು ನಿದ್ದೆ ಹೋಗಿತ್ತು. ಹಿಂದಿನವರ ನಿಶಾನೆಯ ಬಟ್ಟೆ ಗಟ್ಟಿಯಿತ್ತೆಂದು ರೇಣುಕವ್ವನ ಅತ್ತೆ ಅದನ್ನು ಕತ್ತರಿಸಿ ಕೌದಿಗೆ ಹೊಲಿದಿದ್ದಳಂತೆ. ಆ ತುಂಡಿನ ಅರ್ಧ ಕಾಣುತ್ತಿತ್ತು: ಮಾಸಿದ ಕೆಂಪು, ಅಂಚಿಗೆ ನೀಲಿ. ನಟ್ಟನಡುವೆ ಬಿಳಿಯದೊಂದು ಗುರುತು ದುಂಡಗೆ ಸುರುವಾಗಿ ಕೂಸಿನ ಬೆನ್ನ ಕೆಳಗೆ ಹೊಕ್ಕಿತ್ತು.

“ಎಬ್ಬಿಸಿದ್ರ ನೀವ ತೂಗಬೇಕ ನೋಡ್ರಿ ಮತ್ತ,” ಎಂದಳು ರೇಣುಕವ್ವ.

ಹುಲಿಗೇಶ ಮೊಣಕಾಲೂರಿದ. ಭೀಮೇಶ ಮುನಿಸು ಮರೆತು ಆ ಬದಿಯಿಂದ ಬಗ್ಗಿದ. ಮಾಂತೇಶ ಜೇಬಿನಿಂದ ಭೂತಗನ್ನಡಿ ತೆಗೆದು, ಹೊಟ್ಟೆಯ ಮೇಲೆ ತೆವಳುತ್ತ ಹೋಗಿ, ಉಸಿರು ಬಿಗಿಹಿಡಿದು ಎಳೆಗಳನ್ನು ನೋಡಿದ. ಕೈಯಿಂದ ನೂತ ನೂಲು. ಇಷ್ಟು ದಿನ ಚಿತ್ರಗಳಲ್ಲಿ, ಪುಸ್ತಕಗಳಲ್ಲಿ ಹುಡುಕಿದ್ದು ತನ್ನ ಮೂಗಿನ ತುದಿಗೆ ಇತ್ತು. ಯಾರೋ ಒಬ್ಬ ಇದನ್ನು ಕೋಲಿಗೆ ಕಟ್ಟಿಕೊಂಡು ಇದೇ ಎರೆಹೊಲದಲ್ಲಿ ನಡೆದಿರಬಹುದು. ಅವನಿಗೂ ಬಿಸಿಲು ಹತ್ತಿರಬಹುದು. ಮಾಂತೇಶನ ಕಣ್ಣು ಮಂಜಾಯಿತು.

“ಛತ್ರಿ ಅಲ್ಲ,” ಹುಲಿಗೇಶ ಕ್ಯಾಮೆರಾದ ಕಡೆ ತಿರುಗಿ ಪಿಸುಗುಟ್ಟಿದ. “ಇದು ಚಂದ್ರ. ಚಂದ್ರ ಅಂತ ರೆಕಾರ್ಡ್ ಆಗಲಿ.”

“ಚಂದ್ರ ಎಲ್ಲೀದ್ರಿ, ಗುರಾಣಿ ಇದು, ಡಾಲು,” ಎಂದ ಭೀಮೇಶ. “ನಮ್ಮವರ ಡಾಲು. ಇದು ಮೊಗಲರ ನಿಶಾನಿ. ದೇಸಾಯರ ಮಂದಿ ಕಸಗೊಂಡಿರಬೇಕು.”

“ಹಂಗಾದ್ರ ನಾವು ಗೆದ್ದೀವಿ ಅಂತ ಒಪ್ಪಿದಿ!” ಮಾಂತೇಶ ನೆಲದ ಮೇಲಿಂದಲೇ ಹೇಳಿದ.

ಆಗ ಹೊರಗೆ ಇನ್ನೊಂದು ಜೀಪು ಬಂದು ಹಾರ್ನ್ ಹೊಡೆಯಿತು. ಕೂಸು ಬೆಚ್ಚಿಬಿದ್ದು ಕಿರುಚಿತು. ರೇಣುಕವ್ವ ಅದನ್ನು ಎತ್ತಿಕೊಂಡಳು. ಬಿಳಿಯ ಗುರುತು ಪೂರ್ತಿ ಕಂಡಿತು. ದುಂಡಗೂ ಇರಲಿಲ್ಲ, ಚೌಕವೂ ಅಲ್ಲ. ಒಂದು ಬದಿಗೆ ಬಾಲದಂಥದೇನೋ ಇತ್ತು. ಮೂವರೂ ತಲೆ ಅತ್ತಿತ್ತ ವಾಲಿಸಿ ನೋಡಿದರು.

“ಅದೇನು ನೋಡ್ತೀರಿ?” ಎಂದಳು ರೇಣುಕವ್ವ, ಕೂಸಿನ ಬೆನ್ನು ತಟ್ಟುತ್ತ. “ಅದು ನಾ ಹಚ್ಚಿದ ತ್ಯಾಪಿ. ತೂತ ಬಿದ್ದಿತ್ತು, ನಮ್ಮ ಮನಿಯವರ ಧೋತರ ಹರದು ಹಚ್ಚೀನಿ.”

ಮಾಂತೇಶ ತೇಪೆಯ ಅಂಚನ್ನು ಬೆರಳಿನಿಂದ ಎತ್ತಿ, ಕೆಳಗಿನ ತೂತನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ.

“ಗುಂಡು,” ಎಂದ.

ಭೀಮೇಶ ಅವನ ಕೈಯಿಂದ ಗಾಜು ಕಿತ್ತುಕೊಂಡು ನೋಡಿದ. “ಇಲಿ.”

“ಗುಂಡಲೇ. ಅಂಚು ನೋಡು, ಸುಟ್ಟಂಗ ಐತಿ.”

“ಇಲಿ ಕಡದದ್ದು. ಪುರಾವಿ ತೋರಸು.”

“ನೀ ಇಲಿ ಪುರಾವಿ ತೋರಸು!”

ಮೊದಲಿನ ದನಿ ಅದು. ಮಾಂತೇಶನಿಗೆ ಜೀವ ಬಂದಂತಾಯಿತು.

ಓಟು ಹಾಕಿಸುವ ನಿಜವಾದ ತಂಡ ಒಳಗೆ ಬಂತು. ಅವರಲ್ಲೂ ಒಬ್ಬ ಅಧಿಕಾರಿ, ಒಂದು ಕ್ಯಾಮೆರಾ. ಎರಡು ಕ್ಯಾಮೆರಾಗಳು ಒಂದನ್ನೊಂದು ಚಿತ್ರ ತೆಗೆದುಕೊಂಡವು. “ನೀವು ಯಾರ್ರಿ? ಮತದಾರರ ಮನ್ಯಾಗ ನಿಮಗೇನ ಕೆಲಸ?” ಎಂದು ಹೊಸ ಅಧಿಕಾರಿ ಕೇಳಿದಾಗ ಹುಲಿಗೇಶ ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ, “ಇತಿಹಾಸ,” ಎಂದಷ್ಟೇ ಹೇಳಿದ. “ಎರಡು ಸಲ ಹಾಕ್ಬೇಕೇನು?” ಎಂದು ರೇಣುಕವ್ವ ಕೇಳಿದಳು. ಗುಪ್ತ ಮತದಾನವೆಂದು ಇವರನ್ನೆಲ್ಲ ಹೊರಗೆ ದಬ್ಬಿದರು.

ಬೇವಿನ ಗಿಡದ ನೆರಳಿನಲ್ಲಿ ನಿಂತು ಹುಲಿಗೇಶ ವರದಿ ಬರೆದ. ಸೈನಿಕರನ್ನು ಆಟಿಕೆಯೆಂದು ಬಿಟ್ಟುಕೊಟ್ಟ. ಛತ್ರಿ ನಿಶಾನೆಗಳನ್ನು ಮಾತ್ರ ಕೋಲಿನಿಂದ ಬಿಡಿಸಿ ಲಕೋಟೆಗೆ ಹಾಕಿ, ಫಲಿತಾಂಶ ಬಂದ ಮೇಲೆ ಒಯ್ಯಬೇಕೆಂದ. ಮೇಲಿನವರು ವಿಡಿಯೊ ನೋಡಿ ಏನನ್ನುತ್ತಾರೋ ಎಂಬ ದಿಗಿಲು ಅವನಿಗೆ ಇದ್ದೇ ಇತ್ತು. ಮುಂದೆ ಅವರು ನೋಡಿದರಂತೆ. ಮುದುಕಿಯ ಮಾತಿಗೆ ಹೊಟ್ಟೆ ಹಿಡಿದು ನಕ್ಕು, ಕೂಸಿನ ಸುತ್ತ ಮೂವರು ಗಂಡಸರು ತೆವಳುವ ಭಾಗವನ್ನು ಮತ್ತೊಮ್ಮೆ ಹಾಕಿಸಿ ನೋಡಿ, ಸುಮ್ಮನಾದರಂತೆ.

ಮಾಂತೇಶ ಹೊಸ ನಿಶಾನೆಗಳನ್ನು ಮಾಡಿದ: ಕೆಂಪು ನೆಲ, ನೀಲಿ ಅಂಚು, ನಡುವೆ ಏನೂ ಇಲ್ಲ. ಭೀಮೇಶ ಒಂದೊಂದನ್ನೂ ಪರೀಕ್ಷಿಸಿ ಒಪ್ಪಿದ. ಆಟ ಜೂನಿಗೆ ಹೋಯಿತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಹುಲಿಗೇಶ ಲಕೋಟೆ ಕೊಡುವ ನೆಪ ಮಾಡಿಕೊಂಡು ಕುಂದಗೋಳದಿಂದ ತಾನೇ ಬಂದ. ಚಹಾ ಕುಡಿದು ಹೋಗುತ್ತೇನೆಂದವನು ಮೇಜಿನ ಬದಿಗೆ ಕುರ್ಚಿ ಎಳೆದುಕೊಂಡ. ಎರಡನೆಯ ಸರದಿಯ ಹೊತ್ತಿಗೆ ಪಂಚನೇ ಆಗಿಬಿಟ್ಟಿದ್ದ.

ಭೀಮೇಶ ತನ್ನ ಮೊಗಲ ಕುದುರೆಗಳನ್ನೆಲ್ಲ ಒಟ್ಟುಗೂಡಿಸಿ ದೇಸಾಯರ ಬಂದೂಕಿನವರ ಮೇಲೆ ಬಿಡಲು ಗೇಣು ಹಾಕಿದ.

“ನಿಲ್ರಿ,” ಎಂದ ಹುಲಿಗೇಶ. “ಇದು ಯಾವ ಭೂಮಿ?”

“ಎರಿಭೂಮಿ. ನಮ್ಮದ.”

“ಯಾವ ಹಂಗಾಮ?”

“ಮಳಿಗಾಲ ಅಂತ ಇಟ್ಕೊಂಡೀವಿ.”

“ಹಸಿ ಎರ್ಯಾಗ ಕುದರಿ ಒಂದ ಗೇಣು ಹ್ಯಾಂಗ ಓಡ್ತಾವ್ರಿ? ಎರಡು ಬೆರಳು ಕೊಡ್ತೀನಿ.”

“ಎರಡು ಬೆರಳು!” ಭೀಮೇಶ ಎದ್ದು ನಿಂತ. “ಬೀಜ ಮಾರಾಂವ ನಾನು, ನನಗ ಎರಿಭೂಮಿ ಹೇಳ್ತೀರೇನು? ಪುರಾವಿ ಕೊಡ್ರಿ!”

ಹುಲಿಗೇಶ ಕಿಟಕಿಯ ಹೊರಗೆ ಕೈ ತೋರಿಸಿದ. ಹಿತ್ತಲಿನಾಚೆ, ಹೆಸರು ಬಿತ್ತಲು ಹದ ಮಾಡಿ ಬಿಟ್ಟ ಹೊಲ ಕಪ್ಪಗೆ ಮಿರುಗುತ್ತಿತ್ತು. “ಕುದರಿ ಇಲ್ಲ. ಬೈಕ ಐತಲ್ಲ.”

ಭೀಮೇಶ ಹಿಂಜರಿಯುವವನಲ್ಲ. ಮಾಂತೇಶನ ಬೈಕಿನ ಕೀಲಿ ಕಸಿದುಕೊಂಡು ಮೆಟ್ಟಿಲಿಳಿದ. ಮಾಂತೇಶ, ಹುಲಿಗೇಶ ಇಬ್ಬರೂ ಬದುವಿನ ಮೇಲೆ ನಿಂತರು. ಸುನೀತಾ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಬಂದಳು. ಭೀಮೇಶ ಕಿಕ್ ಹೊಡೆದು, “ಅಲ್ಲಾಹು ಅಕ್ಬರ್ ಅನ್ಲೇನು, ಹರ ಹರ ಅನ್ಲೇನು?” ಎಂದು ಕೇಳಿದ. “ಕಸಿ ಯಾವ ಕಡೆ ಕಟ್ಟೀದಿ ನೋಡ್ಕೊ,” ಎಂದ ಮಾಂತೇಶ. ಭೀಮೇಶ ಇಲ್ಲದ ಕತ್ತಿಯನ್ನು ಗಾಳಿಯಲ್ಲಿ ಬೀಸಿ ಹೊಲಕ್ಕೆ ನುಗ್ಗಿದ.

ಬೈಕು ನಾಲ್ಕು ಮಾರು ಹೋಗಿರಬಹುದು. ಹಿಂದಿನ ಗಾಲಿ ಗರಗರ ತಿರುಗಿ, ಮಣ್ಣನ್ನು ಆಕಾಶಕ್ಕೆ ಚಿಮ್ಮಿ, ಅಲ್ಲೇ ಕುಸಿದು ಕುಳಿತಿತು. ಭೀಮೇಶ ಕಾಲು ಕೆಳಗಿಟ್ಟ; ಚಪ್ಪಲಿ ಒಳಗೆ ಉಳಿಯಿತು, ಕಾಲು ಮಾತ್ರ ಹೊರಗೆ ಬಂತು. ಇನ್ನೊಂದು ಕಾಲಿಟ್ಟ, ಅದರದೂ ಅದೇ ಕತೆ. ಹುಲಿಗೇಶ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಬೈಕು ಹೋದ ದೂರವನ್ನು ಕಣ್ಣಳತೆ ಮಾಡಿದ.

“ಎರಡ ಬೆರಳೂ ಹೆಚ್ಚಾತು,” ಎಂದ. “ಒಂದೂವರಿ.”

“ಒಪ್ಪಿದೆ!” ಭೀಮೇಶ ಹೊಲದ ನಡುವಿನಿಂದ ಕೂಗಿದ. ಮುಖದ ತುಂಬ ರಾಡಿ, ಹಲ್ಲು ಮಾತ್ರ ಬೆಳ್ಳಗೆ. “ಒಪ್ಪಿದೆನಲೇ! ಅದನ್ನ ನಿಯಮದಾಗ ಬರಕೋ! ಈಗ ಯಾರರೆ ಬಂದು ನನ್ನ ಹೊರಗ ಎಳೀರಿ!”

ಮಾಂತೇಶ ಪ್ಯಾಂಟು ಮಡಚಿಕೊಂಡು ಹೊಲಕ್ಕೆ ಇಳಿದ. ಅವನ ಹಿಂದೆ ಹುಲಿಗೇಶ ಬೂಟು ಬಿಚ್ಚಿ ಬದುವಿನ ಮೇಲಿಟ್ಟು ಇಳಿದ. ಸುನೀತಾ ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.